ಎಡಪಕ್ಕೆಯ ಕಾಲಿಂಚು

ಎರಡು ಪಕ್ಕೆಯೂ ಸಮ ಇರುವ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಒಂದು ಭುಜ ತಗ್ಗು, ಇನ್ನೊಂದು ಎತ್ತರ. ಒಂದು ಮೊಲೆ ದೊಡ್ಡದು, ಇನ್ನೊಂದು ಚಿಕ್ಕದು. ಇದು ಪ್ರತಿ ದರ್ಜಿಗೂ ಗೊತ್ತು, ಮಗುವಿಗೆ ಎಣ್ಣೆ ಹಚ್ಚಿದ ಪ್ರತಿ ತಾಯಿಗೂ ಗೊತ್ತು, ಬಚ್ಚಲಿನ ಕನ್ನಡಿ ಎದುರು ನಿಂತ ನಿಮಗೂ ಗೊತ್ತಿರಬೇಕು. ಗೊತ್ತಿದ್ದೂ ಏನು ಮಾಡುತ್ತೇವೆ? ಅಂಗಡಿಯಲ್ಲಿ ನೇತುಹಾಕಿದ ಮೂರೇ ಮೂರು ಅಳತೆಯ ಉಡುಪಿನಲ್ಲಿ ಒಂದೂ ಹಿಡಿಸದಿದ್ದರೆ ಹೊಲಿದವನನ್ನು ಬೈಯುವುದಿಲ್ಲ. ನಮ್ಮ ಮೈಯನ್ನು ಬೈದುಕೊಂಡು ಮನೆಗೆ ಬರುತ್ತೇವೆ.

ಇಂಗ್ಲೆಂಡಿನ ಬಂದರು ಪೋರ್ಟ್ಸ್‌ಮತ್ ಊರಿನ ಫ್ರ್ಯಾಟನ್ ಬಡಾವಣೆಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಒಂದರ ಮುಂಗೋಣೆಯಲ್ಲಿ ಕೂತು, ಏವಿಸ್ ಪ್ರಿವೆಟ್ ಹಾಗೆ ಬೈದುಕೊಂಡು ಬಂದವರಿಗೆ ಕಾರ್ಸೆಟ್ ಹೊಲಿದಳು. ಒತ್ತು ನೇಯ್ಗೆಯ ದಪ್ಪ ಬಟ್ಟೆ, ಒಳಗೆ ಉಕ್ಕಿನ ಕಡ್ಡಿಗಳು, ಬೆನ್ನ ಹಿಂದೆ ಬಿಗಿಯುವ ಲಾಡಿ. ಎದೆಯಿಂದ ಕಿಬ್ಬೊಟ್ಟೆಯ ತನಕ ಮೈಯನ್ನು ಹಿಡಿದು ನಿಲ್ಲಿಸುವ ಹಳೆಯ ಕಾಲದ ಒಳಉಡುಪು. ನಲವತ್ತು ವರ್ಷದಲ್ಲಿ ಸಾವಿರಾರು ಮೈ ಮುಟ್ಟಿದಳು. ಯಾವ ಮೈಯ ಬಗ್ಗೆಯೂ ತುಟಿ ಪಿಟಕ್ಕೆನ್ನಲಿಲ್ಲ. ಅದು ಅವಳ ಹೆಮ್ಮೆ. ಹೇಳಲೇಬೇಕಾಗಿದ್ದ ಒಂದು ಮಾತನ್ನು ಆ ಹೆಮ್ಮೆಯಿಂದಲೇ ಹದಿನಾಲ್ಕು ತಿಂಗಳು ನುಂಗಿಕೊಂಡಿದ್ದಳು. ಅದಕ್ಕೇ ತನ್ನ ಗೆಳತಿ ರೀನಿ ಮಣ್ಣು ಸೇರಿದಳು ಎಂದು ಅವಳು ಇವತ್ತಿಗೂ ನಂಬಿದ್ದಾಳೆ.

ಹದಿನೈದು ತುಂಬಿದ ವಾರವೇ ಏವಿಸ್ ಕಾರ್ಸೆಟ್ ಕಾರ್ಖಾನೆಗೆ ಸೇರಿದ್ದಳು. ಆ ಊರಿನಲ್ಲಿ ಗಂಡಸರು ಹಡಗುಕಟ್ಟೆಗೆ ಹೋಗುತ್ತಿದ್ದರು, ಹೆಂಗಸರು ಕಾರ್ಸೆಟ್ಟಿಗೆ. ಅವಳ ಅಮ್ಮ ಹೋಗಿದ್ದಳು, ಅಜ್ಜಿ ಹೋಗಿದ್ದಳು. ಕೆಳಮಹಡಿಯಲ್ಲಿ ಸಾಲುಸಾಲು ಯಂತ್ರಗಳು ಕಿವಿ ಕಿತ್ತುಹೋಗುವಂತೆ ಓಡುತ್ತಿದ್ದವು. ಲಾಡಿ ತೂರುವ ತೂತುಗಳಿಗೆ ಹಿತ್ತಾಳೆ ಬಳೆ ಕೂರಿಸುವ ಯಂತ್ರದ ಮುಂದೆ ರೀನಿ ಕೂರುತ್ತಿದ್ದಳು. ಆ ಸದ್ದನ್ನೂ ಮೀರಿಸಿ ನಗುವ ದಪ್ಪ ಹುಡುಗಿ. ಏವಿಸ್‌ಳ ಕೈ ಚುರುಕು ಎಂದು ಅವಳನ್ನು ಮೇಲ್ಮಹಡಿಯ ಸಣ್ಣ ಕೋಣೆಗೆ ಹಾಕಿದರು. ಕಾರ್ಖಾನೆಯ ಅಳತೆ ಹಿಡಿಸದವರು ಅಲ್ಲಿಗೆ ಬರುತ್ತಿದ್ದರು: ಬೆನ್ನು ಸೊಟ್ಟಗಾದವರು, ಪೋಲಿಯೋ ಬಂದು ಒಂದು ಕಾಲು ಗಿಡ್ಡವಾದವರು, ಆಪರೇಷನ್ನಿನಲ್ಲಿ ಒಂದು ಮೊಲೆ ಕಳೆದುಕೊಂಡವರು. ಆ ಕೋಣೆಯ ಯಜಮಾನಿ ಮಿಸೆಸ್ ಪೆಸ್ಕಟ್.

"ಇಲ್ ನೋಡು ಹುಡುಗಿ," ಎಂದಳು ಮಿಸೆಸ್ ಪೆಸ್ಕಟ್ ಮೊದಲ ದಿನವೇ. "ಇಲ್ಲಿಗೆ ಬರೋ ಒಬ್ಬೊಬ್ಬಳೂ ಆ ಮೆಟ್ಟಿಲು ಹತ್ತೋಷ್ಟರಲ್ಲಿ ಮೂರು ಸಲ ಸತ್ತಿರ್ತಾಳೆ. ಅಳತೆ ತಗೋ, ಬರ್ಕೋ, ಬಾಯಿ ಮುಚ್ಕೋ. ಒಂದೇ ಒಂದು ಅಂಕಿ ಬಾಯಿಂದ ಬಂತೋ, ನಾಳೆಯಿಂದ ಕೆಳಗೆ ಡಬ್ಬಿ ಅಂಟಿಸ್ತಾ ಕೂತ್ಕೋ."

"ಒಳ್ಳೇದು ಹೇಳ್ಬಹುದಾ ಮೇಡಂ? ಚೆನ್ನಾಗಿ ಕಾಣ್ತೀರ ಅಂತ?"

"ಅದೂ ಬೇಡ. ಇವತ್ತು ಅಂದ್ರೆ, ನಾಳೆ ಅನ್ನದೇ ಇದ್ದಾಗ ಅವಳಿಗೆ ಅರ್ಥ ಆಗ್ಬಿಡತ್ತೆ."

ಏವಿಸ್ ಈ ಪಾಠವನ್ನು ಗುರುವಿಗಿಂತ ಒಂದು ಹೆಜ್ಜೆ ಮುಂದೆ ಒಯ್ದಳು. ಅಂಕಿ ಇದ್ದರೆ ತಾನೇ ಕಣ್ಣಿಗೆ ಬೀಳುವುದು? ಅಂಕಿಯೇ ಇಲ್ಲದ ಬಿಳಿ ಹತ್ತಿಪಟ್ಟಿಯಲ್ಲಿ ಅಳೆಯತೊಡಗಿದಳು. ಸೊಂಟಕ್ಕೆ ಕಪ್ಪು ತಲೆಯ ಗುಂಡುಸೂಜಿ, ಎದೆಗೆ ಬಿಳಿಯದು, ಪೃಷ್ಠಕ್ಕೆ ಕೆಂಪು. ಗಿರಾಕಿ ಹೊರಟು ಬಾಗಿಲು ಮುಚ್ಚಿದ ಮೇಲೆ ಪಟ್ಟಿಯನ್ನು ಮೇಜಿನ ಮೇಲೆ ಹಾಸಿ ಅಳತೆಕೋಲಿನಿಂದ ಅಂಕಿ ತೆಗೆಯುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೂ ಅದೇ ಪಟ್ಟಿ, ಅವೇ ಸೂಜಿ.

ಮುಚ್ಚಿದ್ದು ಯಾಕೆಂದರೆ ಕಾರ್ಸೆಟ್ ಹಾಕುವವರೇ ಉಳಿಯಲಿಲ್ಲ. ಆದರೆ ಆ ಊರಿನಲ್ಲಿ ಹಳೆಯ ಯುದ್ಧದ ಹಡಗುಗಳಿವೆ, ನೋಡಲು ಜನ ಬರುತ್ತಾರೆ, ಕ್ರಿಸ್‌ಮಸ್ ಬಂತೆಂದರೆ ಹಡಗುಕಟ್ಟೆಯಲ್ಲಿ ನೂರೈವತ್ತು ವರ್ಷದ ಹಿಂದಿನ ರಾಣಿಯ ಕಾಲವನ್ನು ನಟಿಸಿ ತೋರಿಸುವ ಸಂತೆ ಕಟ್ಟುತ್ತಾರೆ. ಅಲ್ಲಿ ವೇಷ ಹಾಕುವವರಿಗೆ ಏವಿಸ್ ಬೇಕಾದಳು. ಅಂಚೆ ಹಂಚುವ ಹೆಂಗಸೊಬ್ಬಳು ಬರುತ್ತಿದ್ದಳು. ಇಪ್ಪತ್ತು ವರ್ಷ ಚೀಲ ಹೊತ್ತು ಬಲಗಡೆ ಸೊಂಟ ಮೇಲೆದ್ದಿತ್ತು. ಏವಿಸ್ ಅವಳ ಕಾರ್ಸೆಟ್ಟಿನ ಬಲಭಾಗವನ್ನು ಅರ್ಧ ಇಂಚು ಗಿಡ್ಡ ಕತ್ತರಿಸಿದಳು. ಕೋಲಿನಂಥ ಹುಡುಗಿಗೆ ಪೃಷ್ಠದ ಮೇಲೆ ಹತ್ತಿಯ ದಿಂಬು ಹೊಲಿದಳು. ಹೊಟ್ಟೆ ದೊಡ್ಡದಿದ್ದವಳಿಗೆ ಮುಂದೆ ಕೊಂಡಿ ಹಾಕುವ ಉಕ್ಕಿನ ಪಟ್ಟಿಯನ್ನು ಚಮಚದ ಹಾಗೆ ಬಗ್ಗಿಸಿ, ಹೊಟ್ಟೆಯನ್ನು ಹಿಸುಕದೆ ಕೆಳಗಿನಿಂದ ಎತ್ತಿ ಹಿಡಿದಳು. ಬೆನ್ನಿನ ಲಾಡಿಯಲ್ಲಿ ಎರಡಿಂಚು ಸಂದು ಯಾವಾಗಲೂ ಬಿಡುತ್ತಿದ್ದಳು. ಉಂಡಾಗ, ಉಬ್ಬಿದಾಗ, ಮುಟ್ಟಾದಾಗ ಮೈಗೆ ಜಾಗ ಬೇಕಲ್ಲ.

ಎಷ್ಟೋ ಜನ ಹಳೆಯ ಫೋಟೋ ಹಿಡಿದು ಬಂದು, "ನನಗೂ ಹೀಗೇ ಮುಷ್ಟಿಯಷ್ಟು ಸೊಂಟ ಮಾಡಿಕೊಡಿ" ಎನ್ನುತ್ತಿದ್ದರು. ಆ ಸೊಂಟದಲ್ಲಿ ಅರ್ಧ, ಫೋಟೋದವನು ಕುಂಚದಿಂದ ತಿದ್ದಿ ಸಣ್ಣ ಮಾಡಿದ್ದು. ವಸ್ತುಸಂಗ್ರಹಾಲಯದ ಗಾಜಿನೊಳಗೆ ಕೂತ ಪುಟಾಣಿ ಕಾರ್ಸೆಟ್ಟುಗಳೂ ಅಷ್ಟೇ: ಯಾರಿಗೂ ಹಿಡಿಸದೆ ಪೆಟ್ಟಿಗೆಯಲ್ಲಿ ಬಿದ್ದಿದ್ದರಿಂದ ಉಳಿದವು. ದಪ್ಪ ಹೆಂಗಸಿನ ಕಾರ್ಸೆಟ್ಟು ದಿನವೂ ದುಡಿದು ಹರಿದು ಚಿಂದಿಯಾಯಿತು. ಆದರೂ ನೂರು ವರ್ಷದ ನಂತರ ಬಂದವರು ಗಾಜಿನ ಮುಂದೆ ನಿಂತು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾರೆ.

ರೀನಿ ಅಂಥವಳಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಹಡಗುಕಟ್ಟೆಯ ಸಂತೆಯಲ್ಲಿ ಅವಳದು ಮೀನು ಮಾರುವ ಬಜಾರಿಯ ವೇಷ. ಸೊಂಟದ ಮೇಲೆ ಕೈಯಿಟ್ಟು, ಬಂದ ಗಂಡಸರನ್ನೆಲ್ಲ ಛೇಡಿಸಿ ನಗಿಸುತ್ತಿದ್ದಳು. ಅಳತೆಗೆ ಬಂದಾಗಲೂ ಮುಂಗೋಣೆಯ ಪರದೆ ಅಲುಗಾಡುವಂತೆ ನಗು.

"ಏ ಏವಿ, ಹಡಗಿಗೆ ಕಟ್ಟೋ ಹಗ್ಗ ತರ್ಸಿದೀಯಾ? ನಿನ್ ಲಾಡಿ ಸಾಕಾಗಲ್ಲ."

"ಸುಮ್ನೆ ನಿಂತ್ಕೊಳ್ಳೇ ಪೆದ್ದಿ. ಸೂಜಿ ಚುಚ್ಚತ್ತೆ."

"ಚುಚ್ಚಲಿ. ಗಾಳಿ ಹೋಗಿ ಸಣ್ಣ ಆಗ್ತೀನಿ."

ಅವಳು ಐವತ್ತೇಳು ದಾಟಿದ್ದ ಅಕ್ಟೋಬರಿನಲ್ಲಿ, ಸಂತೆಗೆ ಎರಡು ತಿಂಗಳು ಮುಂಚೆ, ಹಳೆಯ ಕಾರ್ಸೆಟ್ಟನ್ನು ತೊಡಿಸಿ ಲಾಡಿ ಎಳೆದ ಏವಿಸ್‌ಗೆ ಎಡಗಡೆ, ಕಿಬ್ಬೊಟ್ಟೆಯ ಹತ್ತಿರ, ಬಟ್ಟೆ ಒಂದು ಸಣ್ಣ ನೆರಿಗೆ ಹಿಡಿದದ್ದು ಕಂಡಿತು. ಬಲಗಡೆ ಇರಲಿಲ್ಲ. ಅಂಗೈ ಇಟ್ಟು ನೋಡಿದಳು. ಕೊಬ್ಬು ಕೈಗೆ ಹೇಗೆ ಸಿಗುತ್ತದೆ ಎಂದು ಅವಳಿಗೆ ಗೊತ್ತು. ಒತ್ತಿದರೆ ಸರಿದು ಜಾಗ ಕೊಡುತ್ತದೆ. ಇದು ಸರಿಯಲಿಲ್ಲ.

ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ರೀನಿ ಕನ್ನಡಿ ನೋಡುತ್ತಲೇ ಹೇಳಿದಳು: "ನಮ್ಮಮ್ಮ ನನ್ನ ಶನಿವಾರ ಶನಿವಾರ ಕಲ್ಲಿದ್ದಲು ತೂಗೋ ತಕ್ಕಡಿ ಮೇಲೆ ನಿಲ್ಲಿಸ್ತಿದ್ಲು, ಗೊತ್ತಾ? ಕಲ್ಲಿದ್ದಲಿನವನು ಇಡೀ ಬೀದಿಗೆ ಕೇಳೋ ಹಾಗೆ ತೂಕ ಕೂಗ್ತಿದ್ದ. ಮದುವೆ ದಿನ ಗಂಡ ಆದೋನು, ಈ ಲೆನ್, ಎಲ್ಲರೆದುರು, ಇವಳನ್ನ ಎತ್ಕೊಂಡು ಹೊಸಿಲು ದಾಟ್ಸೋಕೆ ಪಿಯಾನೋ ಸಾಗ್ಸೋರನ್ನ ಕರೀಲಾ ಅಂದ. ನಾನೂ ನಕ್ಕೆ. ನಗದೆ ಏನ್ಮಾಡ್ಲಿ? ನನ್ ಮೈ ನೋಡಿ ಏನೂ ಅನ್ನದೇ ಇರೋಳು ಇಡೀ ಪೋರ್ಟ್ಸ್‌ಮತ್ತಲ್ಲಿ ನೀನೊಬ್ಬಳೇ ಕಣೇ."

ಏವಿಸ್ ಮಾತನ್ನು ನುಂಗಿಕೊಂಡಳು. ಎಡಪಕ್ಕೆಯ ಹೊಲಿಗೆ ಬಿಚ್ಚಿ ಕಾಲಿಂಚು ಬಿಟ್ಟಳು. ನೆರಿಗೆ ಮಾಯವಾಯಿತು.

ಮುಂದಿನ ಫೆಬ್ರವರಿಯಲ್ಲಿ ಯಾವುದೋ ಚರ್ಚಿನ ಚಹಾಕೂಟಕ್ಕೆ ಮತ್ತೆ ವೇಷ. ಈ ಸಲ ಕಾಲಿಂಚು ಸಾಲಲಿಲ್ಲ. ಎಡಗಡೆ ಕೆಳಗೆ ಮೂರು ಮೂಲೆಯ ತುಂಡೊಂದನ್ನು ಕೂರಿಸಬೇಕಾಯಿತು. ವಿಚಿತ್ರವೆಂದರೆ ಮೇಲೆ, ಎದೆಯ ಹತ್ತಿರ, ಕಾರ್ಸೆಟ್ಟು ಸಡಿಲವಾಗಿತ್ತು. ರೀನಿಯ ಕೆನ್ನೆ ಇಳಿದಿತ್ತು, ಕತ್ತಿನ ಮೂಳೆ ಕಾಣುತ್ತಿತ್ತು. ರೀನಿಗೆ ಸಂಭ್ರಮ.

"ನೋಡೇ, ಐವತ್ತು ವರ್ಷ ಬೇಡಿಕೊಂಡಿದ್ದು ಈಗ ಆಗ್ತಿದೆ. ಲೆನ್ ಅಂತೂ, ಏನೇ ಕದ್ದುಮುಚ್ಚಿ ಯಾರನ್ನಾದ್ರೂ ಇಟ್ಕೊಂಡಿದೀಯಾ ಅಂತ ಕೇಳ್ದ."

"ಊಟ ಸೇರ್ತಿದೆಯಾ?" ಎಂದಳು ಏವಿಸ್, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. ಅವಳ ಮಟ್ಟಿಗೆ ಅದೇ ದೊಡ್ಡ ಮಾತು.

"ಎರಡು ತುಂಡು ಚಿಪ್ಸ್ ತಿಂದ್ರೆ ಹೊಟ್ಟೆ ತುಂಬತ್ತೆ. ಇದಕ್ಕಿಂತ ಪುಣ್ಯ ಬೇಕಾ?"

ಸಿಕ್ಕವರೆಲ್ಲ ರೀನಿಗೆ ಶಹಬ್ಬಾಸ್ ಹೇಳಿದರು. ಬೇಕರಿಯವಳು ಹೇಳಿದಳು, ಪಾದ್ರಿಯ ಹೆಂಡತಿ ಹೇಳಿದಳು, ಬಸ್ಸಿನಲ್ಲಿ ಸಿಕ್ಕ ಹಳೆಯ ಕಾರ್ಖಾನೆಯ ಹೆಂಗಸರು ಅವಳ ತೋಳು ಹಿಡಿದು ತಿರುಗಿಸಿ ನೋಡಿ ಗುಟ್ಟೇನು ಹೇಳು ಎಂದರು. ದಪ್ಪ ಹೆಂಗಸು ಕಾರಣವಿಲ್ಲದೆ ಕರಗಿದರೆ ಊರಿಗೆ ಊರೇ ಚಪ್ಪಾಳೆ ತಟ್ಟುತ್ತದೆ. ಅದೇ ಹೆಂಗಸಿನ ಮನೆಯ ಬೆಕ್ಕು ಕರಗಿದ್ದರೆ ಎರಡನೇ ದಿನ ಪಶುವೈದ್ಯರ ಹತ್ತಿರ ಒಯ್ಯುತ್ತಿದ್ದರು.

ಏವಿಸ್ ತಟ್ಟಲಿಲ್ಲ. ಹೇಳಲೂ ಇಲ್ಲ. ಮೇಲೆ ಸಡಿಲವಾದ ಕಡೆ ಹತ್ತಿಯ ತೆಳು ಪದರ ಹೊಲಿದು ತುಂಬಿದಳು, ಕೆಳಗೆ ಎಡಗಡೆ ಬಿಟ್ಟಳು, ಬಲಗಡೆ ಅದಕ್ಕೆ ಸರಿಯಾಗಿ ಸಣ್ಣ ದಿಂಬು ಕೊಟ್ಟಳು. ಆಗಸ್ಟಿನಲ್ಲಿ ಮತ್ತೊಮ್ಮೆ ಬಿಚ್ಚಿ ಮತ್ತೊಂದು ತುಂಡು. ಮೈ ಎಷ್ಟು ಓರೆಯಾಯಿತೋ ಅಷ್ಟೂ ಒಳಗೇ ಅಡಗಿ, ಹೊರಗೆ ರೀನಿ ಬೊಂಬೆಯ ಹಾಗೆ ನೇರ ಕಂಡಳು. ಏವಿಸ್ ಜೀವಮಾನದಲ್ಲಿ ಅದಕ್ಕಿಂತ ಚೆನ್ನಾದ ಕೆಲಸ ಮಾಡಿರಲಿಲ್ಲ. ಪ್ರತಿ ಸಲ ರೀನಿ ಹೊರಟ ಮೇಲೆ ಕಿಟಕಿಯ ಬಳಿ ನಿಂತು, ಮುಂದಿನ ಸಲ ಹೇಳುತ್ತೇನೆ ಅಂದುಕೊಳ್ಳುತ್ತಿದ್ದಳು. ಎಲ್ಲರ ಮೈಯೂ ಓರೆಯೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಡಿಸೆಂಬರಿನ ಮೊದಲ ವಾರ, ಸಂತೆಯ ಎರಡನೆಯ ದಿನ, ಮೀನಿನ ಬುಟ್ಟಿ ಎತ್ತಲು ಬಗ್ಗಿದ ರೀನಿ ಮತ್ತೆ ಏಳಲಿಲ್ಲ. ಜನ ಅದೂ ನಾಟಕವೆಂದು ನಕ್ಕರಂತೆ. ಆಸ್ಪತ್ರೆಗೆ ಒಯ್ದರು, ಪರೀಕ್ಷೆ ಮಾಡಿದರು. ಫಲಿತಾಂಶ ಹೇಳುವ ದಿನ ಲೆನ್‌ಗೆ ಧೈರ್ಯ ಸಾಲದೆ ಏವಿಸ್ ಜೊತೆಗೆ ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮೃದುವಾಗಿ ಮಾತಾಡಿದಳು. ಅಂಡಾಶಯದ ಗಡ್ಡೆ, ಬೇರೆ ಕಡೆಗೂ ಹರಡಿದೆ ಎಂದಳು. ಆಮೇಲೆ ಕೇಳಿದಳು: "ಇಷ್ಟು ದೊಡ್ಡದಾಗೋ ತನಕ ನಿಮಗೇನೂ ಗೊತ್ತಾಗಲಿಲ್ವಾ? ಬಟ್ಟೆ ಒಂದು ಕಡೆ ಬಿಗಿಯಾಗೋದು, ಹಾಗೇನಾದ್ರೂ?"

"ದಿನಾ ಹಾಕೋದೆಲ್ಲ ಎಲಾಸ್ಟಿಕ್ಕು ಡಾಕ್ಟ್ರೇ, ಅದು ಭೂಮಿ ಸುತ್ತೋಕೂ ಹಿಗ್ಗತ್ತೆ," ಎಂದಳು ರೀನಿ. "ಬಿಗಿಯಾಗೋ ಬಟ್ಟೆ ಅಂತ ನನ್ ಹತ್ರ ಇರೋದು ಒಂದೇ, ಕಾರ್ಸೆಟ್ಟು. ಅದು ಯಾವತ್ತೂ ಕೈಗವಸಿನ ಹಾಗೆ ಕೂತಿದೆ. ಇವಳೇ ನೋಡಿ ಹೊಲಿಯೋದು. ಇಡೀ ಇಂಗ್ಲೆಂಡಲ್ಲಿ ಇಂಥ ಕೈ ಇನ್ನೊಂದಿಲ್ಲ."

ಹೇಳಿ ಏವಿಸ್‌ಳ ಕೈಯನ್ನು ಎತ್ತಿ ಡಾಕ್ಟರಮ್ಮನಿಗೆ ತೋರಿಸಿದಳು. ಏವಿಸ್‌ಗೆ ಆ ಕೈ ತನ್ನದಲ್ಲ ಎನಿಸಿತು. ಎಳೆದುಕೊಳ್ಳಲೂ ಆಗಲಿಲ್ಲ.

ಜನವರಿಯಲ್ಲಿ ರೀನಿಯ ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿದರು. ಏವಿಸ್ ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದಳು. ಒಂದು ದಿನ ಚಹಾ ಲೋಟ ಕೊಟ್ಟು ತಿರುಗುವಷ್ಟರಲ್ಲಿ ರೀನಿ ಅವಳ ತೋಳು ಹಿಡಿದಳು.

"ಏವಿ, ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡ."

"ಕೇಳು."

"ನಿನ್ ಕೈಗೆ ಸಿಕ್ಕಿತ್ತಾ?"

ಸುಳ್ಳು ಹೇಳಲು ಏವಿಸ್‌ಗೆ ಒಂದು ಉಸಿರಿನಷ್ಟು ಹೊತ್ತಿತ್ತು. "ಹೂಂ," ಎಂದಳು.

"ಯಾವಾಗಿಂದ?"

"ಹೋದ್ ವರ್ಷದ ಹಿಂದಿನ ಅಕ್ಟೋಬರಿಂದ."

ರೀನಿ ಹೊದಿಕೆಯ ಮೇಲೆ ಬೆರಳು ಮಡಿಸಿ ತಿಂಗಳು ಎಣಿಸಿದಳು. ಹದಿನಾಲ್ಕಕ್ಕೆ, ತಾನು ಸಂತೆಯಲ್ಲಿ ಬಿದ್ದ ತಿಂಗಳಿಗೆ, ನಿಂತಳು.

"ನೀನು ಹೇಳಿದ್ರೆ ನಿನ್ ಮುಖಕ್ಕೆ ಉಗೀತಿದ್ದೆ," ಎಂದಳು. "ನೀನೂ ಅವರ ಜಾತಿಯೋಳೇ ಆದ್ಯಾ ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದು, ಹದಿನೈದು ದಿನ ಮಾತು ಬಿಡ್ತಿದ್ದೆ."

"ಗೊತ್ತು."

"ಹದಿನಾರನೇ ದಿನ ಡಾಕ್ಟ್ರ ಹತ್ರ ಹೋಗ್ತಿದ್ದೆ ಕಣೇ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು. ಏವಿಸ್ ಲೆನ್ ಬರುವ ತನಕ ಕುರ್ಚಿಯ ಮೇಲೇ ಕೂತಿದ್ದಳು. ಮಾರನೆಯ ದಿನ ಬಾಗಿಲು ತೆಗೆಯಲಿಕ್ಕಿಲ್ಲ ಎಂದುಕೊಂಡೇ ಹೋದಳು, ಲೆನ್ ತೆಗೆದು ಬಾ ಅಂದ. ರೀನಿ ಲೆನ್‌ನ ಅಡುಗೆಯನ್ನು ಬೈದಳು, ಬಟಾಣಿಯನ್ನು ಗಾರೆಯ ಹಾಗೆ ಮಾಡುತ್ತಾನೆ ಎಂದಳು. ಆ ಇನ್ನೊಂದು ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಕ್ಷಮಿಸಿದೆ ಎಂದು ರೀನಿ ಹೇಳಲಿಲ್ಲ, ಏವಿಸ್ ಕೇಳಲಿಲ್ಲ. ಮಾರ್ಚ್ ಎರಡನೇ ವಾರ ರೀನಿ ಹೋದಳು.

ಮಣ್ಣಾದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಹ್ಯಾಮ್ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿಂತಿದ್ದರು. ಕಾರ್ಖಾನೆಯ ಹಳೆಯ ಹೆಂಗಸರು ಒಂದು ಮೂಲೆಯಲ್ಲಿ. ಅವರಲ್ಲಿ ಡಿಲಿಸ್ ಗೋಟರ್ ಎಂಬವಳು ಕಣ್ಣೊರೆಸಿಕೊಳ್ಳುತ್ತ, "ಪಾಪ, ಆದ್ರೂ ಕೊನೇ ವರ್ಷ ಎಷ್ಟು ಚೆನ್ನಾಗಿ ಕಾಣ್ತಿದ್ಲು ಅಲ್ವಾ, ಎಷ್ಟು ತೆಳ್ಳಗೆ," ಎಂದಳು.

"ಸಾಯ್ತಿದ್ಲು ಕಣೇ ಅವಳು!" ಎಂದಳು ಏವಿಸ್. ಅವಳ ದನಿ ಅಷ್ಟು ದೊಡ್ಡದಿದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. "ಚೆನ್ನಾಗಿ ಕಾಣ್ತಿರ್ಲಿಲ್ಲ, ಸಾಯ್ತಿದ್ಲು. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ನಾನು ಹತ್ತಿ ತುಂಬಿದೆ."

ಪಾದ್ರಿಯ ಹೆಂಡತಿ ಬಂದು, ಸುಸ್ತಾಗಿದೆ ನಿಮಗೆ, ಕೂತ್ಕೊಳ್ಳಿ ಎಂದು ಕುರ್ಚಿ ಎಳೆದಳು. ಏವಿಸ್ ಕೂರದೆ ಕೋಟು ಹಾಕಿಕೊಂಡು ಹೊರಟಳು.

ಎರಡು ತಿಂಗಳು ಮುಂಗೋಣೆಯ ಪರದೆ ಸರಿಯಲಿಲ್ಲ. ಮೇ ತಿಂಗಳಲ್ಲಿ ಮೊದಲು ಬಂದ ಗಿರಾಕಿ ಡಿಲಿಸ್‌ಳೇ. ಅವಳೂ ಸಂತೆಯಲ್ಲಿ ವೇಷ ಹಾಕುವವಳು. ಏವಿಸ್ ಪಟ್ಟಿ ಸುತ್ತಿದಳು, ಸೂಜಿ ಚುಚ್ಚಿದಳು. ಬೆನ್ನಿನ ಬಲಗಡೆ, ಪಕ್ಕೆಲುಬಿನ ಕೆಳಗೆ, ಹಿಂದಿನ ವರ್ಷ ಇಲ್ಲದ ಒಂದು ಉಬ್ಬು ಕೈಗೆ ಸಿಕ್ಕಿತು.

"ಡಿಲಿಸ್, ಬಲಗಡೆ ಬೆನ್ನಲ್ಲಿ ಹೊಸದಾಗಿ ಏನೋ ಇದೆ. ಡಾಕ್ಟ್ರಿಗೆ ತೋರಿಸು."

"ಏನಂದೆ?"

"ತೋರಿಸು ಅಂದೆ. ಈ ವಾರವೇ."

"ನಾನು ಬಂದಿರೋದು ಬಟ್ಟೆ ಹೊಲಿಸೋಕೆ," ಎಂದಳು ಡಿಲಿಸ್, ಕೈಯಲ್ಲಿ ರವಿಕೆ ಎದೆಗೆ ಒತ್ತಿಕೊಂಡು. ಕುತ್ತಿಗೆಯ ತನಕ ಕೆಂಪಾಗಿದ್ದಳು. "ನನ್ ಮೈ ಬಗ್ಗೆ ಮಾತಾಡೋಕೆ ನಿನಗೆ ಯಾರು ಹೇಳಿದ್ರು? ಇದೇ ಕೋಣೆಗೆ ಜನ ಯಾಕೆ ಬರ್ತಾರೆ ಅಂತ ಮರೆತುಹೋಯ್ತಾ?"

ಹೋಗಿ ತೋರಿಸಿದಳು. ಬರೀ ಕೊಬ್ಬಿನ ಗಂಟು, ಏನೂ ಅಪಾಯವಿಲ್ಲ ಎಂದರು. ಡಿಲಿಸ್ ಮತ್ತೆ ಬರಲಿಲ್ಲ. ಬೇಕರಿಯಲ್ಲಿ ಸಾಲು ನಿಂತವರಿಗೆಲ್ಲ, ಆ ಮುದುಕಿ ಈಗ ಅಳತೆ ಬಿಟ್ಟು ರೋಗ ಹುಡುಕುತ್ತಾಳೆ, ಗೆಳತಿ ಸತ್ತು ತಲೆ ಕೆಟ್ಟಿದೆ ಎಂದು ಹೇಳಿದಳು. ಅಂಚೆಯವಳು ಬರುವುದು ನಿಲ್ಲಿಸಿದಳು, ಕೋಲಿನಂಥ ಹುಡುಗಿ ಬಂದರಿನ ಆಚೆದಡದ ಗಾಸ್‌ಪೋರ್ಟಿನಲ್ಲಿ ಬೇರೆ ಯಾರಲ್ಲೋ ಹೊಲಿಸತೊಡಗಿದಳು. ಬಂದ ಕೆಲವೇ ಜನರಿಗೆ ಏವಿಸ್ ಕೈಗೆ ಸಿಕ್ಕಿದ್ದನ್ನು ಸಿಕ್ಕಹಾಗೆ ಹೇಳಿದಳು. ಹಾಗೆ ಹೇಳುವುದು ಅವಳಿಗೆ ಕೊನೆಗೂ ಅಭ್ಯಾಸವಾಗಲೇ ಇಲ್ಲ. ಒಂದು ಸಲವೂ ಯಾರ ಜೀವವೂ ಅದರಿಂದ ಉಳಿದದ್ದು ಅವಳಿಗೆ ತಿಳಿದಿಲ್ಲ. ರೀನಿಯದಾದರೂ ಉಳಿಯುತ್ತಿತ್ತೇ? ಹದಿನಾಲ್ಕು ತಿಂಗಳು ಮುಂಚೆ ಬಂದಿದ್ದರೆ ಎಂದು ಅವಳು ಆ ಡಾಕ್ಟರಮ್ಮನನ್ನು ಕೇಳಿದ್ದಳು. ಹೇಳೋಕಾಗಲ್ಲ ಎಂದಿದ್ದಳು ಆಕೆ. ಹೇಳಲಾಗದ ಆ ಒಂದು ವಿಷಯದ ಜೊತೆ ಏವಿಸ್ ಬೆಳಿಗ್ಗೆ ಏಳುತ್ತಾಳೆ, ಚಹಾ ಕುಡಿಯುತ್ತಾಳೆ, ಎದುರುಮನೆಯ ಕಿಟಕಿ ನೋಡುತ್ತ ಕೂರುತ್ತಾಳೆ.

ಏವಿಸ್ ತಪ್ಪು ಮಾಡಿದಳು. ಆದರೆ ಅವಳ ಬಾಯಿಗೆ ಬೀಗ ಹಾಕಿದ್ದು ತಕ್ಕಡಿಯ ಕಲ್ಲಿದ್ದಲಿನವನು, ಪಿಯಾನೋದ ಲೆನ್, ಚಪ್ಪಾಳೆಯ ಬೇಕರಿಯವಳು. ಹೆಂಗಸಿನ ಮೈಯನ್ನು ಕಂಡಕಂಡವರೆಲ್ಲ ಆಡಿಕೊಂಡು ಆಡಿಕೊಂಡು, ಕೊನೆಗೆ ಅವಳನ್ನು ಪ್ರೀತಿಸುವವಳು ಸುಮ್ಮನಿರುವುದೇ ಕರುಣೆ ಎನ್ನುವ ಸ್ಥಿತಿಗೆ ತಂದು ನಿಲ್ಲಿಸಿದೆವು. ದಪ್ಪ, ಸಣ್ಣ, ಕಪ್ಪು, ಕುಳ್ಳು ಎಂದು ಬೇಡದ್ದನ್ನೆಲ್ಲ ಒದರುವ ನಾಲಿಗೆ, ಬೇಕಾದ ಒಂದು ಮಾತು ಬಂದಾಗ ಸಂಕೋಚದಿಂದ ಮಡಿಸಿಕೊಳ್ಳುತ್ತದೆ.

ನಿಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ. ಆರು ತಿಂಗಳಲ್ಲಿ ಅವಳ ರವಿಕೆ ತೋಳು ಸಡಿಲವಾಗಿದೆ, ಬಳೆ ಮೊಣಕೈ ತನಕ ಜಾರುತ್ತಿದೆ, ಎರಡು ತುತ್ತಿಗೇ ಸಾಕು ಎಂದು ತಟ್ಟೆ ಸರಿಸುತ್ತಿದ್ದಾಳೆ. ನಿಮಗದು ಕಂಡಿದೆ. ಏನಂದುಕೊಂಡಾಳೋ ಎಂದು ಸುಮ್ಮನಿದ್ದೀರಿ, ಇಲ್ಲವೇ ಸಣ್ಣಗಾದೆ ಎಂದು ಮೆಚ್ಚಿ ಬಂದಿದ್ದೀರಿ. ಈ ಕಥೆಯನ್ನು ಪಕ್ಕಕ್ಕಿಡಿ. ಎದ್ದು ಹೋಗಿ ಅವಳಿಗೆ ಹೇಳಿ, ಅವಳು ಉಗಿದರೂ ಅಲ್ಲೇ ನಿಂತಿರಿ, ಮತ್ತು ನಾಳೆ ಡಾಕ್ಟರ ಬಾಗಿಲ ತನಕ ಅವಳ ಜೊತೆ ನಡೆಯಿರಿ.